ಹದಿನೇಳು ಸಲ ಹತ್ತಿದವಳು

ಗುಬ್ಬಿಯ ಕಷ್ಟವೆಲ್ಲ ಶುರುವಾದದ್ದು ಒಂದು ಪುಟ್ಟ ಚೌಕದಲ್ಲಿ ಹಾಕಿದ ಟಿಕ್ ಗುರುತಿನಿಂದ.

ಒಂದು ವರ್ಷದ ಮಟ್ಟಿಗೆ ಪರದೇಶದ ಶಾಲೆಯಲ್ಲಿ ಓದಲು ಬಂದ ಹುಡುಗಿ ಅವಳು. ಚಳಿಗಾಲದಲ್ಲಿ ಇಡೀ ತರಗತಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಸ್ಕೀಯಿಂಗ್ ಆಟಕ್ಕೆಂದು ಹಿಮದ ಬೆಟ್ಟಕ್ಕೆ ಹೊರಟಾಗ ಮೇಡಂ ಒಂದು ಫಾರಂ ಹಂಚಿದರು. ‘ಸ್ಕೀಯಿಂಗ್ ಬರುತ್ತದೆಯೇ? ಇಲ್ಲ, ಸ್ವಲ್ಪ, ಚೆನ್ನಾಗಿ.’ ಗುಬ್ಬಿ ಜನ್ಮದಲ್ಲಿ ಜಾರಿದ್ದು ಒಂದೇ ಸಲ, ಬಚ್ಚಲಲ್ಲಿ, ಸೋಪಿನ ಮೇಲೆ. ಅದು ಯಾವ ಚೌಕಕ್ಕೆ ಸೇರುತ್ತದೆಂದು ತಿಳಿಯದೆ ಅಪ್ಪನಿಗೆ ಫೋನ್ ಮಾಡಿದಳು.

ಅಪ್ಪ ಸರ್ಕಾರಿ ಕಚೇರಿಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಜನರ ಅರ್ಜಿ ತುಂಬಿಕೊಡುತ್ತಿದ್ದವರು.

“ಅರ್ಜೀಲಿ ‘ಇಲ್ಲ’ ಅಂತ ಬರೆದೋರಿಗೆ ಏನೂ ಸಿಗಲ್ಲ ಮಗಳೇ. ‘ಚೆನ್ನಾಗಿ’ಗೆ ಹಾಕು. ಯಾರು ಬಂದು ನೋಡ್ತಾರೆ?”

“ಅಪ್ಪಾ, ಕರ್ಕೊಂಡು ಹೋಗ್ತಿರೋದೇ ನೋಡೋಕೆ.”

“ನೀನು ಹಾಕು. ಸೀಲ್ ಬಿದ್ದ ಫಾರಂನ ಯಾರೂ ತಿರುಗಿ ನೋಡಲ್ಲ.”

ಗುಬ್ಬಿ ಹಾಕಿದಳು. ಫಾರಂ ಕೊಡುವಾಗ ಕೆಳಗಿನ ಸಣ್ಣಕ್ಷರ ಕಣ್ಣಿಗೆ ಬಿತ್ತು: ‘ಸುಳ್ಳು ಮಾಹಿತಿ ಕೊಟ್ಟವರನ್ನು ಸ್ವದೇಶಕ್ಕೆ ವಾಪಸು ಕಳಿಸಲಾಗುವುದು.’ ಅಷ್ಟರಲ್ಲಿ ಮೇಡಂ ಫಾರಂ ಎಳೆದುಕೊಂಡಾಗಿತ್ತು. ಊರಿನಿಂದ ಹೊರಟಾಗ ಅವಳನ್ನು ಬೀಳ್ಕೊಡಲು ಇಡೀ ಬೀದಿಯೇ ಬಂದಿತ್ತು. ನಾಲ್ಕೇ ತಿಂಗಳಿಗೆ ವಾಪಸು ಹೋದರೆ ಅದೇ ಬೀದಿ ಎದುರುಗೊಳ್ಳಲೂ ಬರುತ್ತದೆ.

ಬೆಟ್ಟದ ಬುಡದಲ್ಲಿ ಮೇಡಂ ಅವಳಿಗೆ ಕಪ್ಪು ಅಂಗಿ ತೊಡಿಸಿದರು. ಏನೂ ಬರದವರಿಗೆ ಹಸಿರು, ಸ್ವಲ್ಪ ಬರುವವರಿಗೆ ನೀಲಿ, ಪಳಗಿದವರಿಗೆ ಕಪ್ಪು. ಹಸಿರಂಗಿಯವರು ತಟ್ಟೆಯಂಥ ನೆಲದಲ್ಲಿ ನಗುತ್ತ ಬೀಳುತ್ತಿದ್ದರು. ಗುಬ್ಬಿ ಅವರನ್ನು ಮದುವೆಮನೆಯ ಊಟದ ಸಾಲನ್ನು ಹಸಿದವನು ನೋಡುವ ಹಾಗೆ ನೋಡಿದಳು.

“ನಮ್ಮನೇಲಿ ಇರೋ ಹುಡುಗಿ ಸಾಮಾನ್ಯದವಳಲ್ಲ” ಎಂದು ಅವಳು ಉಳಿದುಕೊಂಡಿದ್ದ ಮನೆಯ ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವಳಾದರೂ ಅವಳೂ ಅದೇ ತರಗತಿ, ಅದೇ ಕಪ್ಪಂಗಿ. “ಬೆಳಗ್ಗೆಯಿಂದ ಒಂದು ಮಾತಿಲ್ಲ ನೋಡಿ. ದೊಡ್ಡ ಆಟಗಾರರು ಹಾಗೇ, ಒಳಗೇ ಏಕಾಗ್ರತೆ.”

ಒಳಗಿದ್ದದ್ದು ಏಕಾಗ್ರತೆಯಲ್ಲ, ಫಾರಂನ ಕೆಳಗಿನ ಸಣ್ಣಕ್ಷರ.

ಬೆಟ್ಟ ಹತ್ತಲು ತಂತಿಯ ಮೇಲೆ ಓಡುವ ಕುರ್ಚಿಗಳ ಲಿಫ್ಟ್ ಇತ್ತು. ಗೇಟಿಗೆ ಕಾರ್ಡು ತೋರಿಸಿದರೆ ‘ಕುಂಯ್’ ಎನ್ನುತ್ತದೆ, ಕುರ್ಚಿ ಬಂದು ಹಿಂದಿನಿಂದ ಮೊಣಕಾಲಿಗೆ ತಟ್ಟಿ ಎತ್ತಿಕೊಂಡು ಹೋಗುತ್ತದೆ. ಗುಬ್ಬಿ ಎಲ್ಲರಿಗೂ ದಾರಿ ಬಿಟ್ಟು ಕೊನೆಯ ಕುರ್ಚಿಯಲ್ಲಿ ಒಬ್ಬಳೇ ಕೂತಳು. ಮೇಲೆ ತಲುಪಿದಾಗ ಕಂಡದ್ದು ಇಳಿಜಾರಲ್ಲ, ಗೋಡೆ. ಕಪ್ಪಂಗಿಯವರ ತರಬೇತುದಾರ ಮೊದಲು ಹತ್ತಿದವರನ್ನು ಕರೆದುಕೊಂಡು ಆಗಲೇ ಆ ಗೋಡೆಯಲ್ಲಿ ಜಾರುತ್ತಿದ್ದ. ಇಳಿಯಬೇಕಾದ ಜಾಗ ಬಂತು. ಗುಬ್ಬಿ ಇಳಿಯಲಿಲ್ಲ. ಇಳಿಯಬಾರದೆಂದು ತೀರ್ಮಾನಿಸಿದ್ದಲ್ಲ, ಕೈಗಳು ಕಂಬಿಯನ್ನು ಬಿಡಲಿಲ್ಲ ಅಷ್ಟೆ. ಕುರ್ಚಿ ಗಾಣದೆತ್ತಿನ ಹಾಗೆ ನಿಧಾನ ಸುತ್ತು ಹಾಕಿ ಅವಳನ್ನು ಕೆಳಗೆ ತಂದಿತು.

ಕೆಳಗೆ ಲಿಫ್ಟ್ ನೋಡಿಕೊಳ್ಳುವ ತಾತ ಯಂತ್ರ ನಿಲ್ಲಿಸಿದ. “ಹೀಗೆ ಇಳಿಯೋರು ನನ್ನ ವಯಸ್ಸಿನೋರು ಮಾತ್ರ ಕಣಮ್ಮ. ಏನಾಯ್ತು?”

“ತಲೆ ಸುತ್ತು ತಾತ.”

“ತಲೆ ಮೇಲೆ ಸುತ್ತುತ್ತೋ ಕೆಳಗೆ ಸುತ್ತುತ್ತೋ?”

“ಎರಡೂ ಕಡೆ” ಎಂದಳು ಗುಬ್ಬಿ. ಅಷ್ಟರಲ್ಲಿ ಮೇಡಂ ಬಿಸಿನೀರಿನ ಫ್ಲಾಸ್ಕ್ ಹಿಡಿದು ಇತ್ತಲೇ ಬರುತ್ತಿದ್ದರು. ನಿಂತರೆ ಪ್ರಶ್ನೆ. ಗುಬ್ಬಿ ಸರಕ್ಕನೆ ಗೇಟು ದಾಟಿದಳು. ‘ಕುಂಯ್.’

ಅತ್ತ ದರಿ, ಇತ್ತ ಪುಲಿ ಎಂಬ ಗಾದೆ ಮಾಡಿದವರಿಗೆ ಎರಡರ ನಡುವೆ ಕುರ್ಚಿ ಓಡಾಡುತ್ತದೆಂಬುದು ಗೊತ್ತಿರಲಿಲ್ಲ. ಮೇಲೆ ಗೋಡೆ, ಕೆಳಗೆ ಮೇಡಂ. ಗುಬ್ಬಿ ಎರಡು ಕಡೆಯೂ ನಿಲ್ಲಲಿಲ್ಲ. ಕೆಳಗೆ ಬಂದ ತಕ್ಷಣ ಮತ್ತೆ ಗೇಟಿಗೆ ಕಾರ್ಡು ತೋರಿಸಿ ಹತ್ತುವಳು. ಇಳಿಯುವಾಗ ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡು ಕುರ್ಚಿಯಲ್ಲಿ ಮೂಟೆಯಾಗುವಳು. ಹತ್ತುವಾಗ ಮಾತ್ರ ಕಪ್ಪಂಗಿ ಕಾಣುವಂತೆ ನೆಟ್ಟಗೆ ಕೂರುವಳು. ಕೆಳಗಿನಿಂದ ತರಬೇತುದಾರ ಕೈಬೀಸಿದರೆ ಇವಳೂ ಬೀಸುವಳು. ಬೆರಳು ಮರಗಟ್ಟಿ ಯಾವುದು ಯಾವುದೆಂದು ತಿಳಿಯದಾಯಿತು. ತಾತ ಆರನೆಯ ಸುತ್ತಿಗೆ ತನ್ನ ಕಂಬಳಿ ಕೊಟ್ಟ, ಹತ್ತನೆಯದಕ್ಕೆ ಅರ್ಧ ಬ್ರೆಡ್ಡು.

“ನಿಜ ಹೇಳಿಬಿಡಮ್ಮ, ಹಗುರಾಗ್ತೀಯ.”

“ಹಗುರಾದ್ರೆ ವಿಮಾನಕ್ಕೆ ಹತ್ತಿಸ್ತಾರೆ ತಾತ.”

ಸಂಜೆ ಲಿಫ್ಟ್ ನಿಂತಾಗ ಕೈಕಾಲು ಎಲ್ಲ ಲೆಕ್ಕಕ್ಕೆ ಸರಿಯಾಗಿದ್ದವು. ಗುಬ್ಬಿ ದೇವರಿಗೆ ಕೈಮುಗಿದಳು. ಅದು ಸ್ವಲ್ಪ ಬೇಗವಾಯಿತು.

ಊಟದ ಕೋಣೆಯಲ್ಲಿ ಮೇಡಂ ಒಂದು ಚೀಟಿ ಹಿಡಿದು ಎದ್ದು ನಿಂತರು. “ಲಿಫ್ಟಿನ ಗೇಟು ಯಾರು ಎಷ್ಟು ಸಲ ಹತ್ತಿದ್ರು ಅಂತ ಬರೆದಿಟ್ಟುಕೊಳ್ಳುತ್ತೆ. ನಮ್ಮ ಶಾಲೆಯ ದಾಖಲೆ ಒಂದು ದಿನಕ್ಕೆ ಹನ್ನೆರಡು. ಇವತ್ತು ನಮ್ಮ ಗುಬ್ಬಿ, ಹದಿನೇಳು.”

“ನಾನೇ ಹನ್ನೊಂದು” ಎಂದ ತರಬೇತುದಾರ. “ನಾನು ಅರ್ಧ ಇಳಿಯೋದ್ರೊಳಗೆ ಇವಳು ಮತ್ತೆ ಹತ್ತುತ್ತಾ ಇರ್ತಿದ್ದಳು. ಇಳಿಯೋದು ಕಣ್ಣಿಗೇ ಬೀಳಲಿಲ್ಲ, ಅಂಥ ವೇಗ.”

“ನಾಳೆ ಶಾಲೆಗಳ ನಡುವೆ ಪಂದ್ಯ ಇದೆ” ಎಂದರು ಮೇಡಂ. “ನಮ್ಮ ಶಾಲೆ ಪರವಾಗಿ ಗುಬ್ಬಿ.”

ಮನೆಯ ಅಕ್ಕ ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ತಟ್ಟಿದಳು. ವಾಪಸು ಕಳಿಸಿದರೆ ಕಳಿಸಲಿ, ಪ್ರಾಣವಾದರೂ ಜೊತೆಗೆ ಬರುತ್ತದೆ ಎಂದುಕೊಂಡು ಗುಬ್ಬಿ ಎದ್ದು ನಿಂತಳು.

“ಮೇಡಂ, ನನಗೆ ಸ್ಕೀಯಿಂಗ್ ಬರಲ್ಲ.”

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೋಡಿ ಕಲೀರಿ ಮಕ್ಕಳೇ. ಹದಿನೇಳು ಸಲ ಹತ್ತಿದ ಮೇಲೂ ಇಂಥ ವಿನಯ.”

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಅದರ ನಡುವೆಯೇ ತರಬೇತುದಾರ ಪಂದ್ಯದ ಫಾರಂ ತಂದು ಮುಂದಿಟ್ಟ. ಅದರಲ್ಲೂ ಚೌಕಗಳು. ‘ಹಿಂದೆ ಪಂದ್ಯಗಳಲ್ಲಿ ಭಾಗವಹಿಸಿದ್ದೀರಾ?’

ಗುಬ್ಬಿಗೆ ಜೀವ ಬಂತು. ಅಪ್ಪನ ಮೂವತ್ತು ವರ್ಷದ ಅನುಭವವನ್ನು ನೆನೆದಳು: ‘ಇಲ್ಲ’ ಎಂದು ಬರೆದವರಿಗೆ ಏನೂ ಸಿಗುವುದಿಲ್ಲ. ಪೆನ್ನು ಒತ್ತಿ, ಚೌಕದಾಚೆಗೂ ಹೋಗುವಷ್ಟು ದೊಡ್ಡದಾಗಿ ‘ಇಲ್ಲ’ ಎಂದು ಬರೆದು ಕೊಟ್ಟಳು.

ತರಬೇತುದಾರ ಓದಿ ತಲೆಯಾಡಿಸಿದ.

“ಒಳ್ಳೇದಾಯ್ತು. ಹೊಸಬರನ್ನೇ ಮೊದಲು ಬಿಡೋದು ಇಲ್ಲಿ ಪದ್ಧತಿ” ಎಂದು ಅವಳ ಎದೆಗೆ ಒಂದನೆಯ ನಂಬರಿನ ಚೀಟಿ ಚುಚ್ಚಿದ. “ಇನ್ನೊಂದು ವಿಷಯ. ಪಂದ್ಯದ ದಿನ ಆ ಕುರ್ಚಿ ಕೆಳಗೆ ಬರೋವಾಗ ಯಾರನ್ನೂ ಕೂರಿಸಲ್ಲ.”