ಕೋಡಿಯಮ್ಮನ ಮೂಗುತಿ ಪುಸ್ತಕಕ್ಕೆ ಅಪ್ಪಣೆ ಕೋರಿ

ಇಂದ,
ಗೌರಕ್ಕ, ವಯಸ್ಸು ಐವತ್ನಾಲ್ಕು, ಓದು ಏಳನೇ ಕ್ಲಾಸು,
ಅಂಗನವಾಡಿ ಸಹಾಯಕಿ, ಕೋಡಿಹಟ್ಟಿ,
ಪುರವರ ಹೋಬಳಿ, ಮಧುಗಿರಿ ತಾಲ್ಲೂಕು.
(ತಮ್ಮ ಗುಡಿಯ ಹಿಂದಿನ ಹೆಂಚಿನ ಕಟ್ಟಡ)

ಗೆ,
ಶ್ರೀ ಕೋಡಿಯಮ್ಮ ದೇವಿಯವರು,
ಗರ್ಭಗುಡಿ, ಕೆರೆ ಕೋಡಿಯ ಪಕ್ಕ,
ಕೋಡಿಹಟ್ಟಿ.

ವಿಷಯ: ತಮ್ಮ ಮೂಗುತಿ ಕಳೆದುಹೋದ ಬಗ್ಗೆ ಮಕ್ಕಳ ಪುಸ್ತಕ ಬರೆಯಲು, ಈಗಾಗಲೇ ಬರೆದುಬಿಟ್ಟಿರುವ ಕಾರಣ ಅದನ್ನು ಅಚ್ಚು ಹಾಕಿಸಲು, ಅಪ್ಪಣೆ ಕೋರಿ.

ಉಲ್ಲೇಖ: 1. ಕಳೆದ ತಿಂಗಳ ಎರಡನೇ ಮಂಗಳವಾರ ತಮ್ಮ ಬಲಭುಜದಿಂದ ಬಿದ್ದ ಒಂದು ಹೂವು.
2. ಸದರಿ ಹೂವು ಯಾರದೆಂದು ಊರಿನಲ್ಲಿ ಎದ್ದಿರುವ ತಕರಾರು.

ಮಾನ್ಯ ಅಮ್ಮನವರೇ,

ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹತ್ತಿರ ಎಲ್ಲರೂ ಬಾಯಿಮಾತಿನಲ್ಲೇ ಕೇಳುತ್ತಾರೆ. ನಾನು ಬರೆದು ಕೇಳುತ್ತಿದ್ದೇನೆ. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ಕಲಿತದ್ದು ಇಷ್ಟು: ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದು ಕೊಟ್ಟದ್ದು ಕಳೆದುಹೋಗುತ್ತದೆ, ಆದರೆ ಕಳೆದುಹೋದದ್ದರ ನಕಲು ನಮ್ಮ ಹತ್ತಿರ ಇರುತ್ತದೆ. ಆದ್ದರಿಂದ ಈ ಅರ್ಜಿ.

1. ನಮ್ಮ ಕೇಂದ್ರದ ಹಾಜರಿ ಪುಸ್ತಕದಲ್ಲಿ ಗಗನಾ ಎಂಬ ನಾಲ್ಕು ವರ್ಷದ ಮಗು ಇದೆ. ಮುನಿಯಮ್ಮನ ಮೊಮ್ಮಗಳು. ಮಗು ಉಣ್ಣದಿದ್ದರೆ ಮುನಿಯಮ್ಮ, “ತಿಂತೀಯೋ, ಕೋಡಿಯಮ್ಮನ್ನ ಕರೀಲೋ? ಕಣ್ಣು ಕಿತ್ಕಂಡು ಹೋಗ್ತಾಳೆ ನೋಡು!” ಎಂದು ಹೆದರಿಸುತ್ತಾಳೆ. ಇಂಥ ಕೆಲಸವನ್ನು ತಾವು ಎಂದಾದರೂ ಒಪ್ಪಿಕೊಂಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಅಂಗನವಾಡಿಗೆ ತಮ್ಮ ಗುಡಿಯ ಮುಂದೆಯೇ ಹಾದು ಬರಬೇಕಾದ ಕಾರಣ, ಮಗು ಬೇವಿನ ಮರದ ಹತ್ತಿರ ಬಂದೊಡನೆ ನೆಲಕ್ಕೆ ಕುಳಿತು ಅಳುತ್ತಿತ್ತು. ಎರಡು ತಿಂಗಳಲ್ಲಿ ಹಾಜರಿ ಹನ್ನೊಂದು ದಿನ. ಆ ಹನ್ನೊಂದು ದಿನವೂ ಮುಖಕ್ಕೆ ಸೆರಗು ಮುಚ್ಚಿ ಎತ್ತಿಕೊಂಡು ಬಂದದ್ದು.

“ಮುನಿಯಕ್ಕ, ಅಮ್ಮನ ಹೆಸ್ರಲ್ಲಿ ಹೆದರಿಸ್ಬ್ಯಾಡ. ಮಗು ದಾರೀಲೇ ನಡುಗ್ತದೆ,” ಎಂದು ಹೇಳಿದೆ.

“ನಿಂಗೇನಮ್ಮ, ಮೊಟ್ಟೆ ಕೈಗೆ ಕೊಟ್ಟು ತಿನ್ಸೋಳು. ನಮ್ಮನೆ ಮುದ್ದೆಗೆ ಹೆದರಿಸ್ದೆ ಇದ್ರೆ ಒಂದು ತುತ್ತೂ ಒಳಕ್ಕೆ ಹೋಗಲ್ಲ,” ಎಂದಳು. ಅವಳ ಕಷ್ಟವೂ ಸುಳ್ಳಲ್ಲ.

2. ಆದ್ದರಿಂದ ನಾನು ಬೇವಿನ ಕಟ್ಟೆಯ ಮೇಲೆಯೇ ಮಗುವನ್ನು ಕೂರಿಸಿಕೊಂಡು ಒಂದು ಕಥೆ ಕಟ್ಟಿ ಹೇಳಿದೆ. ಕಥೆಯ ಸಾರಾಂಶ: ಕೋಡಿಯಮ್ಮ ಕೆರೆಯಲ್ಲಿ ಮುಖ ತೊಳೆಯುವಾಗ ಒಂದು ಸೀನು ಬರುತ್ತದೆ. ಮೂಗುತಿ ಹಾರಿ ನೀರಿಗೆ ಬೀಳುತ್ತದೆ. ಅಮ್ಮ ಏಡಿಯನ್ನು ಕೇಳುತ್ತಾಳೆ, ಎಮ್ಮೆಯನ್ನು ಕೇಳುತ್ತಾಳೆ, ಯಾರೂ ಕಂಡಿಲ್ಲ. ದೊಡ್ಡವರನ್ನು ಕೇಳೋಣವೆಂದರೆ ಎಲ್ಲರೂ ಅವಳನ್ನು ಕಂಡೊಡನೆ ಅಡ್ಡಬಿದ್ದು ತಮ್ಮ ಬೇಡಿಕೆ ಹೇಳಿಕೊಳ್ಳುತ್ತಾರೆಯೇ ಹೊರತು ಅವಳಿಗೇನು ಬೇಕೆಂದು ಯಾರೂ ಕೇಳುವುದಿಲ್ಲ. ಕೊನೆಗೆ ಒಬ್ಬ ಚಿಕ್ಕ ಹುಡುಗಿ, “ಅಳಬ್ಯಾಡ ಕಣಮ್ಮ, ಹುಡುಕಾಣ ಬಾ,” ಎನ್ನುತ್ತಾಳೆ. ಪುಸ್ತಕದಲ್ಲಿ ತಾವು ಮೂರು ಸಲ ಅತ್ತಿದ್ದೀರಿ, ಒಂದು ಸಲ ಸೀನಿದ್ದೀರಿ. ಇದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಗಗನಾ ಕಿವಿಯಿಂದ ಬೆರಳು ತೆಗೆದಳು. ನಾಲ್ಕನೆಯ ದಿನ, “ಮೂಗುತಿ ಕಳ್ಕೊಂಡ್ರೆ ಕೋಡಿಯಮ್ಮಂಗೆ ಅವರಮ್ಮ ಬೈತಾರಾ?” ಎಂದು ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ನನಗೆ ಇದನ್ನು ಬರೆದಿಡಬೇಕು ಎನಿಸಿತು. ಊರಿನಲ್ಲಿ ತಮಗೆ ಹೆದರುವ ಮಕ್ಕಳು ಗಗನಾ ಒಬ್ಬಳೇ ಅಲ್ಲ. ಇಲ್ಲಿಯವರೆಗೆ ನಾನು ಬರೆದದ್ದೆಲ್ಲ ಬೇಳೆ, ಬೆಲ್ಲ, ಮಗುವಿನ ತೂಕ. ಕಥೆ ಬರೆಯುವುದು ಇದೇ ಮೊದಲಾದ ಕಾರಣ, ಮೊದಲ ಪುಟದಲ್ಲಿ ಅಭ್ಯಾಸಬಲದಿಂದ ತಮ್ಮ ತೂಕಕ್ಕೂ ಒಂದು ಗೆರೆ ಎಳೆದು ಆಮೇಲೆ ಹೊಡೆದುಹಾಕಿದ್ದೇನೆ.

3. ಚಿತ್ರಗಳನ್ನು ಪಾವಗಡದಲ್ಲಿರುವ ನನ್ನ ತಂಗಿಯ ಮಗಳು ಲಾವಣ್ಯ ಬರೆದುಕೊಟ್ಟಳು. ಚಿತ್ರದಲ್ಲಿ ತಮಗೆ ಎರಡೇ ಕೈ ಇರುವ ಬಗ್ಗೆ ಊರಿನಲ್ಲಿ ಆಕ್ಷೇಪಣೆ ಬಂದಿದೆ. ನಾನೂ ಅವಳನ್ನು ಕೇಳಿದ್ದೆ. ಆ ಕಡೆಯ ತೆಲುಗು ಬೆರೆಸಿ ಮಾತಾಡುವ ಅವಳಿಗೆ ನಾನು ಪೆದ್ದಮ್ಮ, ಎಂದರೆ ದೊಡ್ಡಮ್ಮ. “ಪೆದ್ದಮ್ಮಾ, ನಾಲ್ಕು ಕೈ ಹಾಕಿದ್ರೆ ಅಳೋವಾಗ ಯಾವ ಕೈಲಿ ಕಣ್ಣು ಒರೆಸ್ಕೋಬೇಕು? ರೆಂಡು ಸಾಲ್ದಾ?” ಎಂದಳು. ಎರಡೇ ಇರಲೆಂದು ಬಿಟ್ಟೆ.

4. ನೋಟ್‌ಬುಕ್ಕನ್ನು ಶಿರಾದ ಒಂದು ಪ್ರೆಸ್ಸಿಗೆ ತೆಗೆದುಕೊಂಡು ಹೋದೆ. ಅಂಗಡಿಯ ಭಾಯಿ ನಿಂತ ಕಾಲಿನಲ್ಲೇ ಪೂರ್ತಿ ಓದಿದರು. “ಅಕ್ಕಾ, ಕಹಾನಿ ಬಹಳ ಚೆನ್ನಾಗಿದೆ, ನಮ್ಮ ಮೊಮ್ಮಗಳಿಗೂ ಹೇಳ್ತೀನಿ. ಆದ್ರೆ ದೇವ್ರು ಅಳೋ ಪುಸ್ತಕ ನಾನು ಹಾಕ್ದೆ ಅಂತ ನಾಳೆ ನಾಲ್ಕು ಜನ ಬಂದು ಬಾಗ್ಲಲ್ಲಿ ನಿಂತ್ರೆ? ನಿಮ್ಮ ಊರೋರ ಒಪ್ಪಿಗೆ ತಂದ್ಬಿಡಿ, ಮಾರನೇ ದಿನಾನೇ ಹಾಕ್ಕೊಡ್ತೀನಿ.” ಅವರು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ.

5. ಸದರಿ ಕಾರಣದಿಂದ ತಮ್ಮ ಪೂಜಾರಿ ರಂಗಯ್ಯನವರ ಬಳಿ ಹೋದೆ. “ದೇವ್ರು ಎಲ್ಲಾದ್ರೂ ಸೀನ್ತಾಳಾ ಗೌರಕ್ಕ?” ಎಂದರು.

“ಕೆರೆ ಗಾಳಿಗೆ ಮುಖ ಕೊಟ್ಟು ವರ್ಷೊಂಬತ್ತು ಕಾಲ ನಿಂತೋಳು ಸೀನ್ದೆ ಇನ್ನೇನ್ ಮಾಡ್ತಾಳೆ ಪೂಜಾರಣ್ಣ?”

ಅವರು ತಮ್ಮ ಮೂರ್ತಿಯ ಕಡೆ ನೋಡಿ, “ನಾನು ಹೇಳೋನಲ್ಲ ಬುಡು. ಮಂಗಳವಾರ ಹೂವ ಕೇಳಾಣ,” ಎಂದರು. ತಮ್ಮ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುವುದು, ಬಲದ್ದು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ ಎಂಬ ಕ್ರಮ ತಮಗೆ ನಾನು ವಿವರಿಸಬೇಕಾದದ್ದಲ್ಲ. ಕಡತ ಪೂರ್ತಿ ಇರಲೆಂದು ಬರೆದಿದ್ದೇನೆ.

6. ಆ ಮಂಗಳವಾರ ನನಗಿಂತ ಮುಂದೆ ಮುತ್ತುರಾಜ್ ನಿಂತಿದ್ದ. ಊರಿನ ಡೈರಿ ಸಂಘದ ಚುನಾವಣೆಗೆ ನಿಲ್ಲಲೋ ಬೇಡವೋ ಎಂಬುದು ಅವನ ಪ್ರಶ್ನೆ. ಮುಕ್ಕಾಲು ಗಂಟೆಯಾದರೂ ತಾವು ಯಾವ ಹೂವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಆಚೆ ಹೋದ. ರಂಗಯ್ಯನವರು ಕಾದು ಕಾದು, ಹೂವು ಬದಲಿಸದೆ, ಕಣ್ಣು ಮುಚ್ಚಿ ನನ್ನ ಅರಿಕೆ ಶುರುಮಾಡಿದರು. “ತಾಯೀ, ಈ ಗೌರಕ್ಕ ಅನ್ನೋಳು…” ಎನ್ನುತ್ತಿದ್ದ ಹಾಗೆ ಬಲಭುಜದ ಹೂವು ಬಿತ್ತು. ಅದೇ ಗಳಿಗೆಗೆ ಮುತ್ತುರಾಜ್ ಒಳಗೆ ಕಾಲಿಟ್ಟ.

“ಬಿತ್ತು! ನಂದು ಬಿತ್ತು!”

“ಲೇ ಮುತ್ತುರಾಜ, ಫೋನ್ ಹಿಡ್ಕಂಡು ಆಚೆ ಓಡೋದ್ಯಲ್ಲೋ. ರೇಷನ್ ಅಂಗಡೀಲೂ ಸಾಲು ಬಿಟ್ಟೋರ ಪಾಳಿ ಹೋಯ್ತದೆ.”

“ಅಕ್ಕೋ, ಮುಕ್ಕಾಲು ಗಂಟೆ ಕೈ ಮುಗ್ದು ನಿಂತೋನು ನಾನು. ನಂದು ಸ್ವಲ್ಪ ಲೇಟಾಗಿ ಬಿತ್ತು, ಅಷ್ಟೆ. ನೀನು ಈಗ ಬಂದ್ಬುಟ್ಟು ನಂದು ಅಂದ್ರೆ ಹೆಂಗೆ?”

ಇಬ್ಬರೂ ಪೂಜಾರಿಯ ಕಡೆ ತಿರುಗಿದೆವು. “ನಾನು ಕಣ್ಣು ಮುಚ್ಕಂಡಿದ್ದೆ ಕಣ್ರಪ್ಪ, ನನ್ನ ಕೇಳ್ಬ್ಯಾಡಿ,” ಎಂದರು.

7. ಈ ತಕರಾರು ಊರಿನ ಹಿರಿಯರ ಮುಂದೆ ಹೋಗಿ, ಹೂವು ಯಾರದೆಂದು ತೀರ್ಮಾನವಾಗುವವರೆಗೆ ಹೊಸ ಪ್ರಶ್ನೆ ಕೇಳಕೂಡದು, ಅಲ್ಲಿಯವರೆಗೆ ನೋಟ್‌ಬುಕ್ ತಮ್ಮ ಪಾದದ ಹತ್ತಿರವೇ ಇರತಕ್ಕದ್ದು ಎಂದಾಯಿತು. ಇರುವುದು ಅದೊಂದೇ ಪ್ರತಿ. ಹಿಂದೆ ಹೇಳಿದ ನಕಲಿನ ವಿಚಾರವನ್ನು ನಾನು ಈ ಒಂದು ವಿಷಯದಲ್ಲಿ ಪಾಲಿಸಿರಲಿಲ್ಲವೆಂದು ನಾಚಿಕೆಯಿಂದ ತಿಳಿಸುತ್ತೇನೆ.

8. ಈಗ ಹೂವಿನ ವಿಚಾರ. ಮುತ್ತುರಾಜ್ ಆಗಲೇ “ಅಮ್ಮನ ಅಪ್ಪಣೆ ಪಡೆದ ಅಭ್ಯರ್ಥಿ” ಎಂದು ಕರಪತ್ರ ಹಂಚಿದ್ದಾನೆ. ಹೂವು ನನ್ನದೆಂದು ಸಾಧಿಸಿದರೆ ಅವನು ಊರ ಮುಂದೆ ತಲೆ ಎತ್ತುವ ಹಾಗಿಲ್ಲ. ನಮ್ಮ ಕೇಂದ್ರಕ್ಕೆ ಹಾಲಿನ ಪುಡಿ ಬಾರದ ದಿನಗಳಲ್ಲಿ ಯಾರೂ ಕೇಳದೆ ಅರ್ಧ ಕ್ಯಾನು ಹಾಲು ತಂದಿಟ್ಟು ಹೋಗುವವನು ಅವನೇ. ಆದ್ದರಿಂದ ಸದರಿ ಹೂವಿನ ಮೇಲೆ ನನಗಿರುವ ಹಕ್ಕನ್ನು ಮನಸಾರೆ ಬಿಟ್ಟುಕೊಟ್ಟಿದ್ದೇನೆ. ಹೂವು ಬಿದ್ದಾಗ ಪೂಜಾರಿಯ ಬಾಯಲ್ಲಿ ಇದ್ದದ್ದು ನನ್ನ ಹೆಸರು ಎಂಬುದನ್ನು ಮಾತ್ರ ತಾವು ಮರೆಯಬಾರದು.

9. ನೋಟ್‌ಬುಕ್ ಒಳಗೆ ಹೋದ ಮಾರನೆಯ ದಿನ ಗಗನಾ ಮತ್ತೆ ಬೇವಿನ ಮರದ ಹತ್ತಿರ ನಿಂತಳು. ಮತ್ತೆ ಅಳುತ್ತಾಳೇನೋ ಎಂದು ಕೈ ಹಿಡಿದುಕೊಂಡೆ. ಪುಸ್ತಕವೆಲ್ಲಿ ಎಂದು ಕೇಳಿದಳು. ಸುಳ್ಳು ಹೇಳಲು ಬಾರದೆ, “ಕೋಡಿಯಮ್ಮನ ಹತ್ರ ಐತೆ ಕಣಮ್ಮ,” ಎಂದೆ. ನನ್ನ ಕೈ ಬಿಟ್ಟು, ಒಬ್ಬಳೇ ನಡೆದುಹೋಗಿ, ತಮ್ಮ ಹೊಸ್ತಿಲ ಮುಂದೆ ನಿಂತು, “ಅಮ್ಮಾ, ಓದಾಯ್ತಾ?” ಎಂದು ಕೇಳಿದಳು.

ಒಳಗಿದ್ದ ರಂಗಯ್ಯನವರು ಗಾಬರಿಯಾಗಿ, “ಇನ್ನೂ ಎಲ್ಡು ಪುಟ ಬಾಕಿ ಐತಂತೆ ಕಣವ್ವ,” ಎಂದರು.

ಅಂದಿನಿಂದ ದಿನವೂ ಬರುತ್ತಾಳೆ, ದಿನವೂ ಕೇಳುತ್ತಾಳೆ. ಹಾಜರಿ ಪೂರ್ತಿ ಇದೆ. ನಾನು ಹೊಸ್ತಿಲಿನಿಂದ ಬಗ್ಗಿ ನೋಡಿದ್ದರಲ್ಲಿ ನೋಟ್‌ಬುಕ್ಕಿನ ಪುಟದ ಮೂಲೆಗಳಲ್ಲಿ ಕುಂಕುಮದ ಹೆಬ್ಬೆರಳ ಗುರುತು ಕಂಡಿತು. ತಾವು ಹೆಬ್ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸುತ್ತೀರೆಂದು ಇದರಿಂದ ತಿಳಿದುಬಂತು. ಸೀನುವ ಪುಟಕ್ಕೆ ಎರಡು ಗುರುತು ಬಿದ್ದಿವೆ. ಅದನ್ನು ಎರಡು ಸಲ ಓದಿದಿರೆಂದು ಭಾವಿಸಿ ಸಂತೋಷಪಟ್ಟಿದ್ದೇನೆ.

ಈ ಮೇಲಿನ ಎಲ್ಲ ಕಾರಣಗಳಿಂದಾಗಿ, ಬರುವ ಮಂಗಳವಾರ ದೀಪ ಹಚ್ಚುವುದರೊಳಗೆ ಎಡಭುಜದ ಹೂವು ಬೀಳದೇ ಹೋದಲ್ಲಿ, ಅಚ್ಚಿಗೆ ತಮ್ಮ ಅಡ್ಡಿ ಇಲ್ಲವೆಂದು ತಿಳಿದು ಬುಧವಾರ ನೋಟ್‌ಬುಕ್ ತೆಗೆದುಕೊಂಡು ಮೊದಲ ಬಸ್ಸಿಗೆ ಶಿರಾಕ್ಕೆ ಹೊರಡುತ್ತೇನೆ. ಹಿರಿಯರು ಹೊಸ ಪ್ರಶ್ನೆ ಕೇಳಬಾರದೆಂದಿದ್ದಾರೆ. ಇದು ಪ್ರಶ್ನೆಯಲ್ಲ, ಅರ್ಜಿ. ರಂಗಯ್ಯನವರು ಅಂದು ಎಡಗಡೆಯ ಹೂವನ್ನು ಒಂದಿಷ್ಟು ಒತ್ತಿ ಅಂಟಿಸಿದರೆ ಅದರಲ್ಲಿ ನನ್ನ ಕೈವಾಡವಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಗೋಡೆಯಾಚೆಯ ನೆರೆಯವಳೂ
ತಮ್ಮ ವಿಶ್ವಾಸಿಯೂ ಆದ,
ಗೌರಕ್ಕ

ಸ್ಥಳ: ಕೋಡಿಹಟ್ಟಿ

ಅಡಕಗಳು:
1. ಗಗನಾಳ ಹಾಜರಿಯ ನಕಲು, ಕಥೆಗೆ ಮುಂಚಿನದು ಮತ್ತು ನಂತರದ್ದು.
2. ಮುತ್ತುರಾಜನ ಕರಪತ್ರ ಒಂದು. (ಗೆಲ್ಲಿಸುವುದು ತಮಗೆ ಬಿಟ್ಟದ್ದು.)
3. ಮುನಿಯಮ್ಮನ ಹೆಬ್ಬೆಟ್ಟು ಇರುವ ಹೇಳಿಕೆ. ಇನ್ನು ಮುಂದೆ ಊಟಕ್ಕೆ ತಮ್ಮ ಹೆಸರು ಬಳಸುವುದಿಲ್ಲವೆಂದು ಒಪ್ಪಿದ್ದಾಳೆ. ಬದಲಿಗೆ ನನ್ನ ಹೆಸರು ಬಳಸುತ್ತಾಳಂತೆ.
4. ಮೂಲ ನೋಟ್‌ಬುಕ್: ತಮ್ಮಲ್ಲಿಯೇ ಇದೆ.

ವಿ.ಸೂ.: ಕೊನೆಯ ಪುಟದಲ್ಲಿ ಏನಾಗುತ್ತದೆಂದು ತಮಗೆ ಯಾರೂ ಹೇಳಬಾರದೆಂದು ಗಗನಾ ಎಲ್ಲರಿಗೂ ತಾಕೀತು ಮಾಡಿದ್ದಾಳೆ. ಆದ ಕಾರಣ, ತಾವು ಈಗಾಗಲೇ ಓದಿ ಮುಗಿಸಿದ್ದರೂ, ಅವಳೇ ಬಂದು ಓದಿ ಹೇಳುವ ದಿನ ಏನೂ ಗೊತ್ತಿಲ್ಲದವರ ಹಾಗೆ ಕೇಳಿಸಿಕೊಳ್ಳಬೇಕಾಗಿ ವಿನಂತಿ.