ಆಫೀಸಿಗೊಬ್ಬರು, ಮನೆಗೊಬ್ಬರು

ಇಚಲಕರಂಜಿಯ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಾಯುವುದು ನನ್ನ ಕೆಲಸ. ಈ ಕೆಲಸ ಬಲ್ಲವರು ನಮ್ಮ ಕಡೆ ಸಿಗುವುದೇ ಅಪರೂಪ. ಸಿಕ್ಕವರೂ ಪುಣೆಗೆ ಹೋಗಿಬಿಡುತ್ತಾರೆ. ಹೀಗಾಗಿ ನಾನೊಬ್ಬಳೇ. ಆಫೀಸಿನಲ್ಲಿ ಮ್ಯಾನೇಜರ್ ಸಾಹೇಬರು ನನಗೊಬ್ಬ ಜೊತೆಗಾರರನ್ನು ಹುಡುಕುತ್ತಿದ್ದರು, ಮನೆಯಲ್ಲಿ ಅಪ್ಪ ವರ ಹುಡುಕುತ್ತಿದ್ದ. ಎರಡೂ ಹುಡುಕಾಟ ಕೂಡಿ ನಡೆದಾಗ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ.

ಬಂದವರು ಒಬ್ಬರೇ

ಸಾಹೇಬರು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಜಾಗ ಸಾಲದೆ 'ಕಂಪ್ಯೂಟರ್' ಎಂಬ ಮಾತು ಬಿಟ್ಟುಹೋಗಿ, 'ಸೆಕ್ಯುರಿಟಿಗೆ ಜನ ಬೇಕು' ಎಂದಷ್ಟೇ ಅಚ್ಚಾಯಿತು. ಗಡಹಿಂಗ್ಲಜದಿಂದ ಒಬ್ಬ ನಿವೃತ್ತ ಸೈನಿಕರು ಮೀಸೆ ತಿರುವಿಕೊಂಡು ಬಂದರು. ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸಲು ಮನಸ್ಸಾಗದೆ ಸಾಹೇಬರು ಚಹಾ ತರಿಸಿದರು. ಇಲ್ಲಿ ಕಳ್ಳರು ಬಾಗಿಲಿನಿಂದ ಬರುವುದಿಲ್ಲ, ವೈರಿನೊಳಗಿಂದ ಬರುತ್ತಾರೆ ಎಂದು ತಿಳಿಸಿ ಹೇಳಿದರು. ಸೈನಿಕರು ಬಸಿಯಲ್ಲಿ ಚಹಾ ಆರಿಸುತ್ತ ಯೋಚಿಸಿ, "ಹಂಗಾದ್ರ ಸಂಜೀಕ ವೈರ್ ಕಿತ್ತಿಟ್ಟು ಮನಿಗೆ ಹೋಗ್ರಿ" ಅಂದರು.

ಸಾಹೇಬರಿಗೆ ಈ ಮಾತು ಭಾಳ ಹಿಡಿಸಿತು. ಅಂದು ಸಂಜೆ ಎಲ್ಲರೂ ಹೋದ ಮೇಲೆ ತಾವೇ ಒಂದು ವೈರ್ ಕಿತ್ತಿಟ್ಟರು. ಮರುದಿನ ಕಂಪ್ಯೂಟರುಗಳೆಲ್ಲ ಚೆನ್ನಾಗಿದ್ದವು, ಕೂಲರಿನ ಕುಡಿಯುವ ನೀರು ಮಾತ್ರ ತಣ್ಣಗಿರಲಿಲ್ಲ.

ಡಬ್ಬಿ

ಮೋಸದ ಮೇಲ್ ಹೇಗಿರುತ್ತದೆಂದು ಸಿಬ್ಬಂದಿಗೆ ಗೊತ್ತಾಗಲಿ ಎಂದು ನಾನೇ ಒಂದು ಸುಳ್ಳು ಮೇಲ್ ಕಳಿಸಿದೆ: ಇಲ್ಲಿ ಒತ್ತಿದರೆ ದೀಪಾವಳಿಯ ಮಿಠಾಯಿ ಡಬ್ಬಿ. ಯಾರೂ ಒತ್ತಲಿಲ್ಲ, ಸಾಹೇಬರೊಬ್ಬರನ್ನು ಬಿಟ್ಟು. ಅವರ ಕೋಣೆಯೊಳಗೆ ಹೋಗಿ ಮೆಲ್ಲಗೆ, ಅದು ನಾನು ಕಳಿಸಿದ ಸುಳ್ಳು ಮೇಲ್ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಂದ್ರ, ಡಬ್ಬಿ ಬರೂದಿಲ್ಲೇನ ತಂಗಿ?"

ಮರುದಿನ ಅವ್ವ ಕಟ್ಟಿದ ಬೇಸನ್ ಉಂಡಿ ಒಯ್ದು ಕೊಟ್ಟೆ. ತಗೊಳ್ಳುವ ಮುಂಚೆ, ಇದು ಖರೇದೇ ಹೌದಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಕಲಿಸಿದ್ದು ವ್ಯರ್ಥವಾಗಲಿಲ್ಲ.

ಹೆಣ್ಣು ನೋಡಲು ಬಂದಾಗ

ಕೊನೆಗೆ ಹುಪರಿಯ ಬೆಳ್ಳಿ ಕೆಲಸದ ಮನೆಯವರು ಇಚಲಕರಂಜಿಯ ಪಕ್ಕದ ಕಬನೂರಿನ ನಮ್ಮ ಮನೆಗೆ ನನ್ನನ್ನು ನೋಡಲು ಬಂದರು. ಅವ್ವ ಮೊದಲೇ ನನ್ನ ಫೋನ್ ಬಂದ್ ಮಾಡಿ ಇಟ್ಟಿದ್ದಳು.

ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ತಾಯಿ, ಇಷ್ಟು ದಿನದಲ್ಲಿ ಎಷ್ಟು ಕಳ್ಳರನ್ನು ಹಿಡಿದಿದ್ದೀ ಎಂದು ಕೇಳಿದರು. ಒಬ್ಬರನ್ನೂ ಇಲ್ಲ, ನನ್ನ ಕೆಲಸ ಸರಿಯಾಗಿದ್ದರೆ ಯಾರೂ ಬರುವುದೇ ಇಲ್ಲ ಎಂದೆ. ಅವರಿಗೆ ಅದು ಅಷ್ಟು ಸಮಾಧಾನ ಕೊಟ್ಟಂತೆ ಕಾಣಲಿಲ್ಲ.

ಅಷ್ಟರಲ್ಲಿ ಸಾಹೇಬರು ಸ್ಕೂಟರ್ ಮೇಲೆ ಬೆವರುತ್ತ ಬಂದರು. ಬ್ಯಾಂಕಿನ ಕಂಪ್ಯೂಟರ್ ಒಂದೂ ತೆರೆಯುತ್ತಿಲ್ಲ, ನನ್ನ ಫೋನ್ ಹತ್ತುತ್ತಿಲ್ಲ. ರೇಷ್ಮೆ ಸೀರೆಯಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತು ಸರಿ ಮಾಡಿದೆ. ಹುಡುಗ ಆಗ ಮೊದಲ ಸಲ ತಲೆಯೆತ್ತಿ, ಕಣ್ಣು ಬೇರೆ ಕಡೆ ತಿರುಗಿಸದೆ ನನ್ನನ್ನೇ ನೋಡುತ್ತಿದ್ದ.

ಸಾಹೇಬರು ಅವಲಕ್ಕಿ ತಿನ್ನುತ್ತ ಬಂದವರು ಯಾರೆಂದು ಕೇಳಿದರು. ತಿಳಿದ ಕೂಡಲೆ ಅವರ ಮುಖ ಸಣ್ಣದಾಯಿತು. ನನ್ನ ಅಪ್ಪ ಪಕ್ಕದಲ್ಲೇ ಇದ್ದಾನೆ ಎಂಬುದನ್ನೂ ಮರೆತು ಹುಡುಗನ ತಾಯಿಗೆ ಕೈಮುಗಿದರು.

"ನಮ್ಮ ಹುಡುಗೀನ ಹುಪರಿಗೆ ಕೊಡಾಕ ಆಗೂದಿಲ್ರಿ ಬಾಯಾರ. ಬ್ಯಾರೆ ಯಾರೂ ಸಿಗವಲ್ಲರು."

ಅಪ್ಪ ಚಹಾದ ಕಪ್ಪು ಕೈಯಲ್ಲೇ ಹಿಡಿದು ಕೂತ. ಆಗ, ಬಂದಾಗಿನಿಂದ ಬಾಯಿ ಬಿಡದ ಹುಡುಗ ಮೆಲ್ಲಗೆ ಹೇಳಿದ:

"ಹುಪರಿಯಿಂದ ದಿನಾ ಬಸ್ ಅದಾವ್ರಿ ಸಾಹೇಬ್ರ. ಆಕಿ ಬ್ಯಾಂಕಿಗೆ ಬರ್ತಾಳ."

ಅವನ ತಾಯಿ ಮಗನ ಕಡೆ ತಿರುಗಿದರು.

"ನಾವಿನ್ನೂ ಹೂಂ ಅಂದಿಲ್ಲೋ. ನೀ ಆಗಲೇ ಬಸ್ ಹತ್ತಿಸಿದಿ?"