ಮೊದಲು ಮೊಣಕೈಗೆ, ಆಮೇಲೆ ಮುಖಕ್ಕೆ

ಹೊಸ ಕ್ರೀಮಿನ ಮುಚ್ಚಳ ತೆಗೆದರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ಗಮ್ಮತ್ತು ಆಗಿಯೇ ಆಗುತ್ತಿತ್ತು. ಹೆಂಡತಿ ತೀರಿಕೊಂಡು ಒಂದು ವರ್ಷವಾಯಿತು. ನೆನೆದರೆ ಅಳು ಬರಬೇಕು. ಬರುತ್ತದೆ. ಅದಕ್ಕಿಂತ ಮೊದಲು ನಗು ಬಂದುಬಿಡುತ್ತದೆ. ನಾನೇನು ಮಾಡಲಿ.

ಕುರ್ಲಾದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ನಾವು ಮೂವರು. ನಾನು, ಅವಳು, ತೀರಿಹೋದ ಅವಳ ಅಕ್ಕನ ಮಗಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಆದರೆ ಚರ್ಮ ಬಹಳ ನಾಜೂಕು. ಹೊಸದೇನು ಹಚ್ಚಿದರೂ ಮುಖ ಬಾತುಕೊಳ್ಳುವುದು. ಆಗಲಿರುವ ಬೀಗಿತ್ತಿಯೋ, ಹಾಲಿನಲ್ಲೂ ಕಲ್ಲು ಹುಡುಕುವವರು. ಮದುವೆ ದಿನ ಹುಡುಗಿಯ ಮುಖ ಬಾತರೆ ಏನು ಗತಿ? ನನ್ನ ಹೆಂಡತಿಗೆ ಅದೊಂದೇ ಚಿಂತೆ.

೧. ಡಾಕ್ಟರ ಮಾತು

ಪರೇಲಿನ ಡಾಕ್ಟರು ಹೇಳಿದರು: "ಹೊಸದೇನಿದ್ದರೂ ಮೊದಲು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ. ಎರಡು ದಿನ ನೋಡಿ. ತುರಿಕೆ ಇಲ್ಲದಿದ್ದರೆ ಮಾತ್ರ ಮುಖಕ್ಕೆ. ಒಂದು ಸಲಕ್ಕೆ ಒಂದೇ."

ವಾರ ಬಿಟ್ಟು ಮತ್ತೆ ಹೋದೆವು. ಹುಡುಗಿಯ ಮುಖ ಇಡ್ಲಿಯ ಹಾಗೆ ಉಬ್ಬಿತ್ತು.

"ಮೊಣಕೈಗೆ ಹಚ್ಚಿ ನೋಡಲಿಲ್ಲವಾ?"

"ನೋಡಿದೆವು ಡಾಕ್ಟ್ರೇ. ಎರಡು ದಿನ. ಏನೂ ಆಗಲಿಲ್ಲ," ಅಂದಳು ಹೆಂಡತಿ.

"ಯಾರ ಮೊಣಕೈ?"

"ಇವರದ್ದು. ಹುಡುಗಿಗೆ ತುರಿಸಿದರೆ ಪಾಪ ಅಲ್ವಾ?"

ಡಾಕ್ಟರು ನನ್ನನ್ನು ಮೇಲೆ ಕೆಳಗೆ ನೋಡಿದರು. "ಹಾಗಾದರೆ ಮಂಟಪದಲ್ಲೂ ಇವರನ್ನೇ ಕೂರಿಸಿ."

೨. ಗುಲಾಬಿ ಸಾಂಬಾರು

ಅಂದಿನಿಂದ ಪರೀಕ್ಷೆ ಹುಡುಗಿಯ ಕೈಗೇ. ಆದರೆ ಅವಳಿಗೆ ಆಗದ ಕ್ರೀಮನ್ನು ಬಿಸಾಡುವುದುಂಟಾ? ನನ್ನ ಕೈಗೆ ಬಳಿಯುವಳು.

ನಾನು ಫೋರ್ಟಿನ ಹೋಟೆಲಿನಲ್ಲಿ ಸಪ್ಲಾಯರ್. ಒಂದು ದಿನ ಗಿರಾಕಿಯೊಬ್ಬರು ಬಟ್ಟಲು ಮೂಸಿದರು. "ಏನಯ್ಯಾ, ಸಾಂಬಾರಿಗೆ ಗುಲಾಬಿ ಹಾಕಿದ್ದೀರಾ?"

ಧಣಿಗಳು ಓಡಿ ಬಂದರು. ಸಾಂಬಾರು ಮೂಸಿದರು. ಆಮೇಲೆ ನನ್ನನ್ನು ಮೂಸಿದರು. "ಹೋಗು ಮಾರಾಯ, ಸಾಬೂನು ಹಾಕಿ ತೊಳ್ಕೋ!"

ತೊಳೆದುಕೊಂಡೆ. ಮರುದಿನ ಅದೇ ಗಿರಾಕಿ ಬಂದರು. ಸಾಂಬಾರು ಮೂಸಿ ಮುಖ ಸಪ್ಪೆ ಮಾಡಿದರು. "ನಿನ್ನೆಯದ್ದು ಖಾಲಿಯಾಯಿತಾ?"

೩. ಮಾವಶಿಯ ಮದ್ದು

ಪಕ್ಕದ ಖೋಲಿಯ ಮರಾಠಿ ಹೆಂಗಸು, ಚಾಳಿಗೆಲ್ಲ ಮಾವಶಿ, ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ತಂದರು. "ಹಚ್ಚು ಮುಖಕ್ಕೆ. ಘರ್ ಕಾ ಹೈ, ಕುಛ್ ನಹೀ ಹೋತಾ, ಏನೂ ಆಗುವುದಿಲ್ಲ."

"ಮನೆಯದ್ದಾದರೂ ಮೊದಲು ಮೊಣಕೈಗೆ," ಅಂದಳು ಹೆಂಡತಿ.

ಮಾವಶಿಗೆ ಸಿಟ್ಟು ಬಂತು. "ನಾನು ಮದುವೆಯಾದಾಗಿನಿಂದ ಇದನ್ನೇ ಹಚ್ಚುತ್ತಿದ್ದೇನೆ. ನೋಡು ನನ್ನ ಮುಖ!"

ಹೆಂಡತಿ ಸರಿಯಾಗಿ ನೋಡಿದಳು. "ಅದಕ್ಕೇ ಹೇಳಿದ್ದು ಮಾವಶಿ."

ಎರಡು ದಿನ ಮಾತಿಲ್ಲ. ಮೂರನೆಯ ದಿನ ಮಾವಶಿಯೇ ಬಂದು ಕೇಳಿದರು, "ಆ ಡಾಕ್ಟರು ಪರೇಲಿನಲ್ಲಿ ಎಲ್ಲಿ?"

೪. ಬೀಗಿತ್ತಿಯ ಕಣ್ಣೀರು

ಕೊನೆಗೂ ವಾಸನೆ ಇಲ್ಲದ ಒಂದು ಬಿಳಿ ಕ್ರೀಮು ಹುಡುಗಿಗೆ ಹೊಂದಿತು. ಮದುವೆಯ ಬೆಳಿಗ್ಗೆ ಮುಖ ತಿಳಿಯಾಗಿತ್ತು. ಹೆಂಡತಿ ನೆಮ್ಮದಿಯ ಉಸಿರು ಬಿಟ್ಟಳು.

ಅಷ್ಟರಲ್ಲಿ ಬೀಗಿತ್ತಿ ಒಬ್ಬ ಬ್ಯೂಟಿಪಾರ್ಲರಿನವಳನ್ನು ಕರೆದುಕೊಂಡು ಬಂದರು. ಅವಳ ಕೈಯಲ್ಲಿ ಫಾರಿನ್ ಕ್ರೀಮಿನ ಡಬ್ಬಿ.

ಹೆಂಡತಿ ಅಡ್ಡ ನಿಂತಳು. "ಇದನ್ನು ಹಚ್ಚುವುದು ಬೇಡ ಅಕ್ಕ. ಕೈಗೆ ಹಚ್ಚಿ ನೋಡಿಲ್ಲ."

"ನಾವು ತಂದದ್ದಕ್ಕೆ ಪರೀಕ್ಷೆಯಾ?"

"ನಿಮ್ಮ ಕ್ರೀಮು ಒಳ್ಳೆಯದೇ ಇರಬಹುದು. ಹುಡುಗಿಯ ಚರ್ಮ ಕೇಳಬೇಕಲ್ಲ."

"ಹುಡುಗಿಗೆ ಏನಾದರೂ ಕಾಯಿಲೆಯಾ? ಈಗಲೇ ಹೇಳಿಬಿಡಿ!"

ಮದುವೆ ಮುರಿಯಿತು ಅಂದುಕೊಂಡೆ. ಹೆಂಡತಿ ಮಾತ್ರ ಅಲುಗಲಿಲ್ಲ.

ಬೀಗಿತ್ತಿ ಡಬ್ಬಿ ಕಿತ್ತುಕೊಂಡರು. ಎರಡು ಬೆರಳು ಅದ್ದಿ ತಮ್ಮ ಕೆನ್ನೆಗೇ ಬಳಿದುಕೊಂಡರು. "ನೋಡಿ! ಏನಾಯಿತು?"

ಏನೂ ಆಗಲಿಲ್ಲ. ಅಷ್ಟರಲ್ಲಿ ಭಟ್ಟರು ಮುಹೂರ್ತ ಬಂತೆಂದು ಕೂಗಿದರು. ಹುಡುಗಿ ಹಾಗೇ ಎದ್ದು ಹೋದಳು.

ಧಾರೆಯ ಹೊತ್ತಿಗೆ ನೋಡುತ್ತೇನೆ, ಬೀಗಿತ್ತಿಯ ಕೆನ್ನೆ ಟೊಮೆಟೊ. ಕಣ್ಣು ಬಾತು ನೀರು ಸುರಿಯುತ್ತಿತ್ತು.

ಅವರ ಕಡೆಯ ಒಬ್ಬರು ಅಜ್ಜಿ ಹತ್ತಿರ ಹೋಗಿ ಬೆನ್ನು ಸವರಿದರು. "ನೀನು ಯಾಕೆ ಅಳುವುದು ಮಗಾ? ನಿನ್ನ ಮಗ ಎಲ್ಲಿಗೂ ಹೋಗುವುದಿಲ್ಲ. ಹುಡುಗಿಯೇ ನಮ್ಮ ಮನೆಗೆ ಬರುವುದು."

ಛತ್ರವೆಲ್ಲ ತಿರುಗಿ ನೋಡಿತು. ಕ್ರೀಮಿನ ಮಾತು ಹೇಳುವ ಹಾಗಿಲ್ಲ. ಬೀಗಿತ್ತಿ ಒಮ್ಮೆ ನನ್ನ ಹೆಂಡತಿಯನ್ನು ನೋಡಿದರು. ಇವಳು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು.

ಬೀಗಿತ್ತಿ ಕೆನ್ನೆ ಕೆರೆದುಕೊಳ್ಳುತ್ತಾ ಗಟ್ಟಿಯಾಗಿ ಹೇಳಿದರು, "ಸಂತೋಷಕ್ಕೆ ಚಿಕ್ಕಮ್ಮ, ಸಂತೋಷಕ್ಕೆ! ಇಂಥ ಸೊಸೆ ಯಾರಿಗೆ ಸಿಗುತ್ತಾಳೆ!"